ಕೊಡಗಿನ ತೋಟಕ್ಕೆ ಬ್ರಸೆಲ್ಸ್ ಕಾನೂನು: ಒಂದು ದೇಶದ ಪರಿಸರ ನಿಯಮದಲ್ಲಿ ಇನ್ನೊಂದು ದೇಶ ಕೈ ಹಾಕಬಹುದೇ?

ಬಾಣೆತೋಟ
ಇಯುಡಿಆರ್, ಅಂದರೆ ಯುರೋಪಿನ ಅರಣ್ಯನಾಶ ತಡೆ ಕಾನೂನಿನ ಗಡುವು ಎರಡನೇ ಸಲ ಮುಂದಕ್ಕೆ ಹೋಗಿದೆ. ಮೊದಲು 2024ರ ಡಿಸೆಂಬರ್ 30 ಅಂದಿದ್ದರು, ಆಮೇಲೆ 2025. ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30. "ಮತ್ತೆ ಮುಂದಕ್ಕೆ ಹಾಕ್ತಾರೆ ಬಿಡಿ" ಅಂತ ಕೈಕಟ್ಟಿ ಕೂತವರೇ ಜಾಸ್ತಿ, ಅದಕ್ಕೇ ಇಲ್ಲಿ ಎತ್ತುತ್ತಿದ್ದೇನೆ.

ಹೊಸಬರಿಗೆ ಚುಟುಕಾಗಿ: ಇದು ಬ್ರಸೆಲ್ಸ್ ಕೇಂದ್ರವಾಗಿರುವ ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು. ದನ, ಕೋಕೋ, ಕಾಫಿ, ತಾಳೆಎಣ್ಣೆ, ರಬ್ಬರ್, ಸೋಯಾ, ಮರ ಇವು ಏಳು ಸರಕು. ಇವು ಬಂದ ಜಾಗ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ್ದಾಗಿರಬಾರದು. ಬೆಳೆದ ದೇಶದ ಕಾನೂನಿಗೂ ಒಪ್ಪುವಂತಿರಬೇಕು. ಆಮದು ಮಾಡುವ ಕಂಪನಿ ಪ್ರತಿ ತೋಟದ ಅಕ್ಷಾಂಶ ರೇಖಾಂಶ ಸಮೇತ ಘೋಷಣೆ ಸಲ್ಲಿಸಬೇಕು. ತಪ್ಪಿದರೆ ಯುರೋಪಿನಲ್ಲಿ ಅದರ ವಾರ್ಷಿಕ ವಹಿವಾಟಿನ 4% ಮುಟ್ಟುವ ದಂಡ.

ದೇಶದ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದು. ರಫ್ತಿನ ದೊಡ್ಡ ಪಾಲು ಹೋಗುವುದು ಯುರೋಪಿಗೆ, ಅದರಲ್ಲೂ ಇಟಲಿಗೆ. ನಮ್ಮ ಕಾಡಿಗೆ ನಮ್ಮದೇ ಕಾನೂನಿದೆ: 1976ರ ಮರ ಸಂರಕ್ಷಣಾ ಕಾಯಿದೆ, 1980ರ ಅರಣ್ಯ ಸಂರಕ್ಷಣಾ ಕಾಯಿದೆ. ಹೀಗಿರುವಾಗ ಬ್ರಸೆಲ್ಸ್‌ನಲ್ಲಿ ಕೂತವರು ಸೋಮವಾರಪೇಟೆಯ ಮೂರು ಎಕರೆ ತೋಟಕ್ಕೆ ಶರತ್ತು ಹಾಕುವುದು ಸರಿಯೇ? ಸರಿ ಅಂದರೆ ಎಲ್ಲಿಯವರೆಗೆ? ತಪ್ಪು ಅಂದರೆ ದಾರಿ ಏನು?

ಮೂಡಿಗೆರೆ ಮಳೆ
ತಪ್ಪು. ತಮ್ಮ ಕಾಡನ್ನು ನೂರಾರು ವರ್ಷ ಮೊದಲೇ ಕಡಿದು ಹೊಲ ಮಾಡಿಕೊಂಡವರು 2020ನ್ನು ಗಡಿ ಅಂತ ಇಟ್ಟರೆ ಅವರ ಲೆಕ್ಕ ಚುಕ್ತಾ, ನಮ್ಮದು ಬಾಕಿ. ನಮ್ಮ ಶಾಸಕರು ಮಾಡಿದ ಕಾನೂನು ಕೆಟ್ಟದ್ದಾದರೆ ಅವರನ್ನು ಸೋಲಿಸಬಹುದು. ಬ್ರಸೆಲ್ಸ್‌ನವರನ್ನು ನಾವು ಏನು ಮಾಡಲು ಸಾಧ್ಯ?

ಹಸಿರುಸಾಲು
ಹೊರಗಿನವರು ಕೈ ಹಾಕಬಾರದು ಅನ್ನುವ ಮಾತು ಇಲ್ಲಿ ಬಹಳ ತಡವಾಗಿ ಬರುತ್ತಿದೆ. ಕುದುರೆಮುಖ ತೆಗೆದುಕೊಳ್ಳಿ. 1975ರಲ್ಲಿ ಇರಾನ್ ಸಾಲ ಕೊಡಲು ಒಪ್ಪಿತು, ಅವರ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು. ಭದ್ರಾ ನದಿಯ ಹುಟ್ಟುಜಾಗದಲ್ಲಿ ಗುಡ್ಡ ಅಗೆದರು, ಗಣಿಯ ಕೆಸರು ತುಂಬಲು ಲಖ್ಯಾ ಅಣೆಕಟ್ಟು ಕಟ್ಟಿದರು, ಅದಿರಿನ ರಾಡಿಯನ್ನು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು. 1979ರ ಕ್ರಾಂತಿಯಾದ ಮೇಲೆ ಇರಾನ್ ಹಿಂದೆ ಸರಿಯಿತು, ಗಣಿ ನಿಲ್ಲಲಿಲ್ಲ. ಕೊಳ್ಳುವವರ ದುಡ್ಡು ನಮ್ಮ ಗುಡ್ಡ ಅಗೆಸುವಾಗ ಅದು ಅಭಿವೃದ್ಧಿ. ಕೊಳ್ಳುವವರು "ಕಾಡು ಕಡಿದದ್ದು ಬೇಡ" ಅಂದರೆ ಮಾತ್ರ ದಬ್ಬಾಳಿಕೆಯೇ? ವ್ಯಾಪಾರ ಇದ್ದಲ್ಲಿ ಪ್ರಭಾವ ಇದ್ದೇ ಇರುತ್ತದೆ. ಯಾವ ಕಡೆಗೆ ತಳ್ಳುತ್ತದೆ ಅನ್ನುವುದನ್ನು ನೋಡಬೇಕು.

ಮೂಡಿಗೆರೆ ಮಳೆ
ಅಕ್ಕ, ಆ ಗಣಿ ನಿಲ್ಲಿಸಿದ್ದು ಯಾರು? ನಮ್ಮದೇ ಸುಪ್ರೀಂ ಕೋರ್ಟ್. 2002ರಲ್ಲಿ ಆದೇಶ, 2005ರ ಕೊನೆಗೆ ಬಂದ್. ಹೋರಾಟ ಮಾಡಿದವರು ಇಲ್ಲಿಯವರೇ. ಬಳ್ಳಾರಿ ಅದಿರಿಗೂ 2011ರಲ್ಲಿ ಹಾಗೇ ಆಯಿತು. ಯಾವ ಯುರೋಪ್ ಬಂದಿತ್ತು?

ಹಸಿರುಸಾಲು
ಒಪ್ಪಿದೆ. ಆದರೆ ಅಷ್ಟು ಹೊತ್ತಿಗೆ ಕಾಲು ಶತಮಾನ ಅಗೆದಾಗಿತ್ತು.

ರಫ್ತುಮನೆ
ತತ್ವ ಆಮೇಲೆ ನೋಡೋಣ, ಮೊದಲು ಕಂಟೇನರ್ ಲೆಕ್ಕ ನೋಡಿ. ಇಪ್ಪತ್ತು ಅಡಿ ಕಂಟೇನರ್‌ಗೆ 60 ಕಿಲೋದ 320 ಚೀಲ, ಅಂದರೆ 19.2 ಟನ್. ರೋಬಸ್ಟಾ ಎಕರೆಗೆ ಸರಾಸರಿ 450 ಕಿಲೋ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಕಾಳು) ಅಂತ ಹಿಡಿದರೆ ಸುಮಾರು 43 ಎಕರೆಯ ಬೆಳೆ ಬೇಕು. ಮೂರು ಎಕರೆಯ ಬೆಳೆಗಾರರಾದರೆ 14 ಜನ. ಕಾಗದದ ಮೇಲೆ ಇಷ್ಟೇ.

ಕ್ಯೂರಿಂಗ್, ಅಂದರೆ ಸಿಪ್ಪೆ ತೆಗೆದು ಹದಮಾಡುವ ಕೆಲಸ ಆದ ಮೇಲೆ ಲೆಕ್ಕ ತಪ್ಪುತ್ತದೆ. ಜರಡಿಯಲ್ಲಿ ಕಾಳು ಗಾತ್ರದ ಪ್ರಕಾರ ಬೇರೆಯಾಗುತ್ತದೆ: ಪಿಬಿ, ಎಬಿ, ಸಿ, ಹೀಗೆ. ಇಟಲಿಯವರು ಕೇಳಿದ್ದು ಬರೀ ಎಬಿ. ಒಬ್ಬೊಬ್ಬರ ಕಾಫಿಯಲ್ಲಿ ಎಬಿ ಅರ್ಧ ಬಂತು ಅಂದುಕೊಂಡರೂ ಆ ಕಂಟೇನರ್‌ಗೆ 28 ಜನರ ತೋಟ ಸೇರಿತು. ಉಳಿದ ಗ್ರೇಡ್‌ಗಳು ಬೇರೆ ಕಂಟೇನರ್‌ಗೆ, ಯುರೋಪಿನ ಬೇರೆ ದೇಶಕ್ಕೆ. ಅಲ್ಲಿಗೂ ಅದೇ 28 ತೋಟದ ನಕ್ಷೆ ಜೊತೆಗೆ ಹೋಗಬೇಕು. ಇದು ನೇರವಾಗಿ ಬೆಳೆಗಾರರಿಂದ ಕೊಂಡರೆ. ಹಳ್ಳಿ ವ್ಯಾಪಾರಿ ಗೋದಾಮಿನಲ್ಲಿ ಹತ್ತು ಊರಿನ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಒಂದೇ ರಾಶಿ ಮಾಡಿದ್ದರೆ ಆ ರಾಶಿಗೆ ಬಂದ ಎಲ್ಲ ತೋಟಗಳನ್ನೂ ತೋರಿಸಬೇಕು. ಅದರಲ್ಲಿ ಒಂದು ತೋಟ ಕೆಟ್ಟರೆ ಇಡೀ ಕನ್‌ಸೈನ್‌ಮೆಂಟ್ ಕೆಟ್ಟ ಹಾಗೆ. "ಇಷ್ಟು ಶೇಕಡಾ ಸರಿ ಇದೆ, ಅಷ್ಟನ್ನು ಕಳಿಸ್ತೀವಿ" ಅನ್ನುವ ಮಾಸ್ ಬ್ಯಾಲೆನ್ಸ್ ಪದ್ಧತಿಗೆ ಈ ಕಾನೂನಿನಲ್ಲಿ ಜಾಗ ಇಲ್ಲ.

ಅದಕ್ಕೇ ದೊಡ್ಡ ತೋಟಗಳಿಂದ ಕೊಳ್ಳುವುದು ಸುಲಭ ಅಂತ ಎಲ್ಲರೂ ಆ ಕಡೆ ವಾಲುತ್ತಾರೆ. ಸಣ್ಣ ಬೆಳೆಗಾರ ಕಾಡು ಕಡಿದಿಲ್ಲ, ಆದರೂ ಅವನ ಕಾಫಿಗೇ ರೇಟು ಕಡಿಮೆ. ಪರಿಸರದ ಕಾನೂನು ಹೀಗೆ ಸಣ್ಣವರ ಮೇಲೆ ಬೀಳುವುದು ನನ್ನ ತಕರಾರು.

ನಕ್ಷೆಗಾರ
ರಫ್ತುಮನೆ ಹೇಳಿದ್ದು ಸರಿ. ನಕ್ಷೆಯಲ್ಲಿ ಏನೇನು ಎಡವಟ್ಟಾಗುತ್ತದೆ ಅಂತ ನಾನು ಹೇಳ್ತೀನಿ. ಈ ಕೆಲಸ ಸೀಸನ್ ಶುರುವಾಗುವ ಮೊದಲೇ ಮುಗಿಯಬೇಕು.

4 ಹೆಕ್ಟೇರ್‌ವರೆಗಿನ ತುಂಡಿಗೆ ಒಂದು ಬಿಂದು ಸಾಕು. 4 ಹೆಕ್ಟೇರ್ ಅಂದರೆ ಸುಮಾರು 9 ಎಕರೆ 35 ಗುಂಟೆ. ಅದಕ್ಕೆ ಮೇಲ್ಪಟ್ಟರೆ ಗಡಿ ಸುತ್ತ ಪಾಲಿಗನ್, ಅಂದರೆ ಮೂಲೆಬಿಂದುಗಳನ್ನು ಸೇರಿಸಿದ ಮುಚ್ಚಿದ ಗೆರೆ ಬೇಕು. ಬಿಂದು ತೋಟದ ಒಳಗಿರಬೇಕು. ಮನೆ ಅಂಗಳದಲ್ಲೋ ಕಣದಲ್ಲೋ ನಿಂತು ಒತ್ತಿದ್ದು ಆಗುವುದಿಲ್ಲ.

ದಶಮಾಂಶದ ನಂತರ ಆರು ಅಂಕಿ ಕೇಳುತ್ತಾರೆ. ಆರನೇ ಅಂಕಿ ಅಂದರೆ ನೆಲದ ಮೇಲೆ ಸುಮಾರು 11 ಸೆಂ.ಮೀ. ಬಯಲಿನಲ್ಲಿ ಫೋನಿನ ಜಿಪಿಎಸ್ ತಪ್ಪೇ 3ರಿಂದ 5 ಮೀಟರ್, ದಟ್ಟ ನೆರಳಿನಡಿ ಇನ್ನೂ ಜಾಸ್ತಿ. ಹಾಗಾಗಿ ಗಡಿ ಉದ್ದಕ್ಕೂ ನಡೆಯುತ್ತಾ ಟ್ರ್ಯಾಕ್ ಹಾಕಬೇಡಿ, ಗೆರೆ ಅಂಕುಡೊಂಕಾಗಿ ತನ್ನ ಮೇಲೆ ತಾನೇ ಹಾಯುತ್ತದೆ. ಪ್ರತಿ ಮೂಲೆಕಲ್ಲಿನ ಹತ್ತಿರ ಒಂದೆರಡು ನಿಮಿಷ ನಿಂತು, ತೋರಿಸುವ ಅಂಕಿ ಸ್ಥಿರವಾದ ಮೇಲೆ ಬಿಂದು ತೆಗೆಯಿರಿ. ಮರಗಸಿ (ನೆರಳು ಮರದ ಕೊಂಬೆ ಸವರುವುದು) ಆದ ಮೇಲೆ ಮಾಡಿದರೆ ಆಕಾಶ ತೆರೆದಿರುತ್ತದೆ, ಸಿಗ್ನಲ್ ಚೆನ್ನಾಗಿರುತ್ತದೆ.

ಹೆಚ್ಚು ಕಾಣುವ ತಪ್ಪು ಡಿಗ್ರಿ-ನಿಮಿಷ-ಸೆಕೆಂಡಿನದು. 12° 25' 28" ಅನ್ನು 12.2528 ಅಂತ ಬರೆದುಬಿಡುತ್ತಾರೆ. ಸರಿಯಾದ್ದು 12 + 25/60 + 28/3600 = 12.424444. ಇದೊಂದರಿಂದಲೇ ಬಿಂದು 19 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ. ಮಡಿಕೇರಿ ಪಕ್ಕದ ತೋಟಕ್ಕೆ ರೇಖಾಂಶದಲ್ಲೂ ಹೀಗೇ ಮಾಡಿದರೆ ತೋಟ ಕೇರಳದಲ್ಲಿ ಕಾಣುತ್ತದೆ.

ಇನ್ನೊಂದು, ಬಿಂದುಗಳನ್ನು ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲಾದರೆ ಕೊಡಗಿನ ತೋಟ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಹಿಮಸಮುದ್ರಕ್ಕೆ ಬೀಳುತ್ತದೆ. ಪಾಲಿಗನ್‌ನ ಮೊದಲ ಬಿಂದು ಮತ್ತು ಕೊನೆಯ ಬಿಂದು ಒಂದೇ ಇರಬೇಕು. ಎಕ್ಸೆಲ್‌ನಲ್ಲಿ ಇಟ್ಟರೆ ಕೊನೆಯ ಸೊನ್ನೆಗಳನ್ನು ಅದು ತೆಗೆದುಹಾಕುತ್ತದೆ, ಆರು ಅಂಕಿ ನಾಲ್ಕಾಗುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಡಿ.

ಕುಶಾಲನಗರ ಸಂತೆ
ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಗಡಿ ಬರುತ್ತಲ್ಲ ಸಾರ್, ಅದನ್ನೇ ಕೊಟ್ಟರೆ ಆಗಲ್ವಾ?

ನಕ್ಷೆಗಾರ
ಆಗಲ್ಲ. ದಿಶಾಂಕ್ ತೋರಿಸುವುದು ಸರ್ವೆ ನಂಬರಿನ ಗಡಿ, ನಿಮ್ಮ ಹಿಸ್ಸಾದ್ದಲ್ಲ. ಪೋಡಿ ಆಗದ ಜಮೀನಿನಲ್ಲಿ ಒಂದೇ ಸರ್ವೆ ನಂಬರಿನೊಳಗೆ ಐದಾರು ಜನರ ತೋಟ ಇರುತ್ತದೆ. ಆ ಗಡಿಯನ್ನೇ ಆರು ಜನ ಕೊಟ್ಟರೆ ಆರು ಪಾಲಿಗನ್ ಒಂದರ ಮೇಲೊಂದು ಕೂರುತ್ತವೆ, ಮೊದಲ ಪರೀಕ್ಷೆಯಲ್ಲೇ ಎಲ್ಲವೂ ಅನುಮಾನಕ್ಕೆ ಬೀಳುತ್ತವೆ. ಅಲ್ಲದೆ ಹಳೇ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಗಡಿ ಕೆಲವು ಮೀಟರ್ ಆಚೀಚೆ ಆಗುತ್ತದೆ. ಮೀಸಲು ಅರಣ್ಯದ ಅಂಚಿನ ತೋಟಕ್ಕೆ ಆ ಕೆಲವು ಮೀಟರೇ ಮುಳುವು. ಯಾವ ಸರ್ವೆ ನಂಬರ್ ಅಂತ ಪತ್ತೆಗೆ ದಿಶಾಂಕ್, ಗಡಿಗೆ ನೆಲದ ಅಳತೆ.

ವಾದ-ಪ್ರತಿವಾದ
ಬಾಣೆತೋಟದವರ ಮೂಲ ಪ್ರಶ್ನೆಗೆ ಬರುತ್ತೇನೆ. ಇದು ಹೊಸ ಜಗಳ ಅಲ್ಲ. ಕಡಲಾಮೆ ಸಿಗಡಿಬಲೆಗೆ ಸಿಕ್ಕಿ ಸಾಯುತ್ತದೆ ಅಂತ ಅಮೆರಿಕ 1989ರಲ್ಲಿ ಕಾನೂನು ಮಾಡಿತು: ಆಮೆ ತಪ್ಪಿಸಿಕೊಳ್ಳುವ ಸಾಧನ, ಅಂದರೆ ಟಿಇಡಿ, ಕಡ್ಡಾಯ ಮಾಡದ ದೇಶದಿಂದ ಸಿಗಡಿ ಕೊಳ್ಳುವುದಿಲ್ಲ. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು.

1998ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಪೀಠ ಕೊಟ್ಟ ತೀರ್ಪನ್ನು ಎಲ್ಲರೂ "ನಾವು ಗೆದ್ದೆವು" ಅಂತ ಮಾತ್ರ ನೆನಪಿಟ್ಟಿದ್ದಾರೆ. ಪೀಠ ಹೇಳಿದ್ದು ಎರಡು ಮಾತು. ಒಂದು, ಆಮೆ ಉಳಿಸಲು ಆಮದಿಗೆ ಶರತ್ತು ಹಾಕುವುದು ತಾತ್ವಿಕವಾಗಿ ತಪ್ಪಲ್ಲ. ಎರಡು, ಅಮೆರಿಕ ಅದನ್ನು ಜಾರಿ ಮಾಡಿದ ರೀತಿಯಲ್ಲಿ ತಾರತಮ್ಯ ಇದೆ. ಕೆರಿಬಿಯನ್ ಕಡೆಯ ದೇಶಗಳಿಗೆ ಮೂರು ವರ್ಷ ಸಮಯ, ತಾಂತ್ರಿಕ ನೆರವು ಮತ್ತು ಮಾತುಕತೆ. ಏಷ್ಯಾದವರಿಗೆ ನಾಲ್ಕೇ ತಿಂಗಳು. ಅಮೆರಿಕ ಮಾತುಕತೆ ಶುರು ಮಾಡಿ ಜಾರಿಯ ರೀತಿ ತಿದ್ದಿಕೊಂಡಿತು. 2001ರಲ್ಲಿ ಮಲೇಷ್ಯಾ ಮತ್ತೆ ಕೇಳಿದಾಗ ಅಮೆರಿಕವೇ ಗೆದ್ದಿತು.

ನನ್ನ ಅಭಿಪ್ರಾಯವೂ ಅದೇ. ಕೊಳ್ಳುವ ದೇಶ ಶರತ್ತು ಹಾಕಬಹುದು. ಆದರೆ ಮೊದಲು ಕೂತು ಮಾತಾಡಬೇಕು, ಎಲ್ಲರಿಗೂ ಒಂದೇ ಸಮಯ ಕೊಡಬೇಕು, ಅದೇ ಫಲ ಕೊಡುವ ಬೇರೆ ದಾರಿ ಇದ್ದರೆ ಒಪ್ಪಬೇಕು.

ಕಡಲ ಕರೆ
ಒಂದು ತಿದ್ದುಪಡಿ ಮಾರಾಯ್ರೆ, ಅದು ಅಲ್ಲಿಗೇ ಮುಗೀಲಿಲ್ಲ. 2019ರಿಂದ ಭಾರತದ ಕಡಲಲ್ಲಿ ಹಿಡಿದ ಸಿಗಡಿಗೆ ಅಮೆರಿಕ ಬಾಗಿಲು ಹಾಕಿದೆ. ಕೆರೆಯಲ್ಲಿ ಸಾಕಿದ್ದಕ್ಕೆ ಮಾತ್ರ ದಾರಿ ಉಂಟು. ಹೊಡೆತ ಬಿದ್ದದ್ದು ಮಲ್ಪೆ, ಮಂಗಳೂರಿನಂಥ ಟ್ರಾಲ್ ಬಂದರಿಗೆ.

ಟಿಇಡಿ ಅಂದ್ರೆ ಬಲೆಯ ಕುತ್ತಿಗೆಗೆ ಓರೆಯಾಗಿ ಕೂರಿಸುವ ಕಂಬಿಚೌಕಟ್ಟು. ಕಂಬಿಗಳ ನಡುವಿನ ಅಂತರ 4 ಇಂಚಿಗಿಂತ ಹೆಚ್ಚಿರಬಾರದು. ಸಿಗಡಿ ಸಂದಿನಲ್ಲಿ ನುಗ್ಗಿ ಹಿಂದಿನ ಚೀಲಕ್ಕೆ ಹೋಗ್ತದೆ, ಆಮೆ ಕಂಬಿಗೆ ತಾಗಿ ಜಾರಿ ಮುಚ್ಚಳದಿಂದ ಹೊರಗೆ. ನಮ್ಮ ಸಮುದ್ರದಲ್ಲಿ ತೊಂದರೆ ಎಂಥದು ಅಂದ್ರೆ ಪ್ಲಾಸ್ಟಿಕ್ ಮತ್ತೆ ಲೋಳೆಮೀನು ಬಂದು ಕಂಬಿಗೆ ಅಂಟಿಕೊಳ್ತದೆ. ದಾರಿ ಕಟ್ಟಿದ ಮೇಲೆ ನೀರಿನ ಒತ್ತಡಕ್ಕೆ ಮುಚ್ಚಳ ತೆರೆದೇ ಇರ್ತದೆ, ಸಿಗಡಿಯೂ ಅದರಲ್ಲೇ ಹೋಗ್ತದೆ. ಚೌಕಟ್ಟು ನೆಟ್ಟಗಾದ್ರೆ ಆಮೆ ಜಾರದೆ ಅಲ್ಲೇ ಒತ್ತಿಕೊಳ್ತದೆ, ತೀರಾ ಮಲಗಿದ್ರೆ ಮೀನು ಹೋಗ್ತದೆ. ಕೋನ ಸರಿ ಕೂರಿಸುವುದೇ ಕೆಲಸ. ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಸಿಐಎಫ್‌ಟಿ ನಮ್ಮ ಬಲೆಗೆ ತಕ್ಕ ಹಾಗೆ ಒಂದು ಮಾಡಿದೆ. ಅಮೆರಿಕದ ಅಳತೆ ಹಾಗೇ ತಂದದ್ದಕ್ಕಿಂತ ಅದೇ ವಾಸಿ. ಹೊರಗಿನ ಕಾನೂನಿನಿಂದ ಆಮೆಗೆ ಉಪಕಾರ ಆಗ್ಲಿ, ಆದ್ರೆ ಸಾಧನ ಇಲ್ಲಿಯ ಸಮುದ್ರಕ್ಕೆ ಹೊಂದಬೇಕು.

ಮೂಡಿಗೆರೆ ಮಳೆ
ಹೊಂದಬೇಕು ಅನ್ನುವುದೇ ನನ್ನ ಮಾತೂ ಕೂಡ. ಯುರೋಪಿನವರ ಉಪಗ್ರಹ ನಕ್ಷೆಯಲ್ಲಿ ನೆರಳಿನ ಕಾಫಿ ತೋಟ ಕಾಡು ಅಂತ ಬರುತ್ತಿದೆ. ಬ್ರೆಜಿಲ್ ಥರ ಬಿಸಿಲಿಗೆ ಕಾಫಿ ಹಾಕಿದ್ದರೆ ಈ ತೊಂದರೆಯೇ ಇರಲಿಲ್ಲ. ಮರ ಉಳಿಸಿಕೊಂಡ ತಪ್ಪಿಗೆ ನಾವೇ ದಾಖಲೆ ತೋರಿಸಬೇಕಾ?

ನಕ್ಷೆಗಾರ
ತೊಂದರೆ ನಿಜ, ಆದರೆ ಕಾನೂನಿನಲ್ಲೇ ಉತ್ತರ ಇದೆ. ಕಾಡು ಅಂದರೆ ಅರ್ಧ ಹೆಕ್ಟೇರ್‌ಗಿಂತ ದೊಡ್ಡ ಜಾಗ, 5 ಮೀಟರ್‌ಗಿಂತ ಎತ್ತರದ ಮರ, 10%ಗಿಂತ ಹೆಚ್ಚು ನೆರಳು. ಆದರೆ ಮುಖ್ಯವಾಗಿ ಕೃಷಿಗೆ ಬಳಕೆಯಾಗುವ ಜಾಗ ಇದರಿಂದ ಹೊರಗೆ, ಮರದಡಿಯ ಬೆಳೆಯೂ ಹೊರಗೆ. ಐರೋಪ್ಯ ಆಯೋಗದ ಸಂಶೋಧನಾ ಕೇಂದ್ರ ಜೆಆರ್‌ಸಿ ಮಾಡಿದ 2020ರ ನಕ್ಷೆ 10 ಮೀಟರ್ ಚೌಕದ್ದು. ಮೇಲಿಂದ ನೋಡುವ ಉಪಗ್ರಹಕ್ಕೆ ಹಲಸು, ಅತ್ತಿ, ಬಸರಿಯ ತಲೆ ಕಾಣುತ್ತದೆ, ಕೆಳಗಿನ ಕಾಫಿ ಗಿಡ ಕಾಣುವುದಿಲ್ಲ. ಆ ನಕ್ಷೆ ಕಡ್ಡಾಯ ಅಲ್ಲ, ಒಂದು ಆಧಾರ ಮಾತ್ರ. ಆದರೂ ಆಮದುದಾರರ ಸಾಫ್ಟ್‌ವೇರ್ ಅದರ ಮೇಲೆ ನಿಮ್ಮ ಬಿಂದು ಇಟ್ಟು ಕೆಂಪು ತೋರಿಸಿದರೆ ಮುಂದಿನ ಕೆಲಸ ನಿಮ್ಮದೇ.

ಈಗಲೇ ಕೂಡಿಸಿಡಿ: 2020ಕ್ಕಿಂತ ಹಿಂದಿನ ಪಹಣಿ, ಬೆಳೆ ಕಾಲಂನಲ್ಲಿ ಕಾಫಿ ಅಂತ ಇರುವುದು, ಕಾಫಿ ಮಂಡಳಿ ನೋಂದಣಿ, ಕ್ಯೂರಿಂಗ್‌ಗೆ ಹಾಕಿದ ಹಳೇ ರಸೀದಿ, ಗೂಗಲ್ ಅರ್ಥ್‌ನ ಹಳೇ ಚಿತ್ರಗಳು, ದಿನಾಂಕ ಕಾಣುವ ಹಾಗೆ. ಸೆಂಟಿನೆಲ್ ಉಪಗ್ರಹದ ಚಿತ್ರವಾದರೆ ಜನವರಿಯಿಂದ ಮಾರ್ಚ್‌ವರೆಗಿನದ್ದು ತೆಗೆಯಿರಿ, ಮಳೆಗಾಲದ್ದು ಬರೀ ಮೋಡ.

ಹ್ಯಾಂಬರ್ಗ್ ಕನ್ನಡಿಗ
ಇಲ್ಲಿಯ ಆಮದುದಾರರ ಕಡೆಯಿಂದ ಎರಡು ಮಾತು. 2025ರ ಮೇ ತಿಂಗಳ ಪಟ್ಟಿಯಲ್ಲಿ ಭಾರತ ಕಡಿಮೆ ಅಪಾಯದ ದೇಶ. ಅಧಿಕಾರಿಗಳು ವರ್ಷಕ್ಕೆ ಪರಿಶೀಲಿಸಬೇಕಾದ್ದು ಅಂಥ ದೇಶಗಳಿಂದ ಕೊಳ್ಳುವವರಲ್ಲಿ 1%, ಮಧ್ಯಮದಲ್ಲಿ 3%, ಹೆಚ್ಚು ಅಪಾಯದಲ್ಲಿ 9%. ಕಡಿಮೆ ಅಪಾಯ ಅಂದರೆ ಅಪಾಯದ ವಿಶ್ಲೇಷಣೆ, ತಗ್ಗಿಸುವ ಕ್ರಮ ಬಿಟ್ಟುಹೋಗುತ್ತವೆ ಅಷ್ಟೇ. ತೋಟದ ಬಿಂದು, ಪಾಲಿಗನ್ ಬಿಡುವುದಿಲ್ಲ. ಇದನ್ನು ತಪ್ಪು ತಿಳಿದು "ನಮಗೆ ವಿನಾಯಿತಿ" ಅಂತ ಹರಡುತ್ತಿದ್ದಾರೆ.

ಆಮದುದಾರರು ಇನ್ನೊಂದು ನೋಡುತ್ತಾರೆ, ಜಾಗಕ್ಕೂ ಬೆಳೆಗೂ ತಾಳೆ ಇದೆಯೇ ಅಂತ. ಮೂರು ಎಕರೆ ಹೆಸರಲ್ಲಿ 50 ಕಿಲೋದ 200 ಮೂಟೆ ರೋಬಸ್ಟಾ ಚೆರ್ರಿ ಬಂತು ಅನ್ನಿ. ಮೂಟೆಗೆ 26 ಕಿಲೋ ಕಾಳು ಸಿಗುವ ಔಟ್‌ಟರ್ನ್ ಹಿಡಿದರೂ 5,200 ಕಿಲೋ, ಎಕರೆಗೆ 1,700ಕ್ಕೂ ಮೇಲೆ. ನೀರಾವರಿಯ ಒಳ್ಳೆ ತೋಟಕ್ಕೂ ಇದು ಅನುಮಾನ ತರಿಸುವ ಅಂಕಿ. ಪಕ್ಕದವರ ಕಾಫಿಯನ್ನು ತಮ್ಮ ಹೆಸರಲ್ಲಿ ಹಾಕುವ ಅಭ್ಯಾಸ ಇಲ್ಲಿ ಸಿಕ್ಕಿಬೀಳುತ್ತದೆ.

ಕಾನೂನಿನಲ್ಲಿ ತೂತೂ ಇದೆ. 2023ರ ಪಟ್ಟಿಯಲ್ಲಿ ಇರುವುದು ಹಸಿ ಮತ್ತು ಹುರಿದ ಕಾಫಿ. ಇನ್‌ಸ್ಟಂಟ್ ಕಾಫಿಯ ಸುಂಕದ ಸಂಖ್ಯೆ ಅದರಲ್ಲಿಲ್ಲ. ಅಂದರೆ ಆ ಪಟ್ಟಿಯ ಪ್ರಕಾರ ಅದೇ ತೋಟದ ಕಾಳು ಇನ್‌ಸ್ಟಂಟ್ ಪುಡಿಯಾಗಿ ಬಂದರೆ ನಕ್ಷೆ ಬೇಡ.

ಹಸಿರುಸಾಲು
ಅದಕ್ಕಿಂತ ದೊಡ್ಡ ತೂತು ನಮ್ಮ ಕಣ್ಣೆದುರಿಗೇ ಇದೆ. ತೋಟದಲ್ಲಿ ಹೊನ್ನೆ, ನಂದಿ, ಬೀಟೆ ಕಡಿಯಲು ಅನುಮತಿ ಬೇಕು, ಸಿಲ್ವರ್ ಓಕ್‌ಗೆ ಬೇಡ. ಸಿಲ್ವರ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಬೇಕಾದಾಗ ಮಾರಬಹುದು. ಹಾಗಾಗಿ ಕಾಡುಮರ ಒಂದೊಂದೇ ಹೋಗಿ ಸಾಲು ಸಾಲು ಸಿಲ್ವರ್ ಬಂತು. ಉದುರಿದ ಎಲೆ ಬೇಗ ಕೊಳೆಯುವುದಿಲ್ಲ, ಹಣ್ಣಿಗೆ ಬರುವ ಹಕ್ಕಿಗೆ ಅಲ್ಲಿ ಕೆಲಸವಿಲ್ಲ. ಯುರೋಪಿನ ಕಾನೂನಿಗೆ ಇದು ಅರಣ್ಯನಾಶವೇ ಅಲ್ಲ. ಮೊದಲೂ ಕೃಷಿ, ಈಗಲೂ ಕೃಷಿ.

ಹೊರಗಿನ ಕಾನೂನನ್ನು ನಾನು ವಿರೋಧಿಸುವುದಿಲ್ಲ. ಆದರೆ ಅದನ್ನು ಬರೆದವರಿಗೆ ನೆನಪಿದ್ದದ್ದು ಅಮೆಜಾನ್: ಒಂದು ಕಡೆ ದಟ್ಟ ಕಾಡು, ಪಕ್ಕದಲ್ಲಿ ಬೋಳು ಸೋಯಾ ಹೊಲ. ಪಶ್ಚಿಮಘಟ್ಟದಲ್ಲಿ ಹಾಳಾಗುವುದು ನೆರಳಿನ ಒಳಗೇ. ಅದನ್ನು ಅಳೆಯುವ ನಿಯಮ ಇಲ್ಲಿಂದಲೇ ಹುಟ್ಟಬೇಕು.

ತೀರ್ಥಹಳ್ಳಿ ಅಡಿಕೆ
ಏಳು ಸರಕಿನಲ್ಲಿ ಅಡಿಕೆ ಇಲ್ಲ. ಮಲೆನಾಡಿನಲ್ಲಿ ಸೊಪ್ಪಿನಬೆಟ್ಟ, ಗದ್ದೆ, ಕಾನು ಎಲ್ಲವೂ ಅಡಿಕೆ ಆಗುತ್ತಿದೆ. ತಿನ್ನುವವರು ದೇಶದೊಳಗೇ ಇದ್ದಾರೆ, ಹೊರಗಿನ ಯಾವ ಕಾನೂನೂ ಇದನ್ನು ಮುಟ್ಟುವುದಿಲ್ಲ. ಯುರೋಪ್ ಕಾನೂನು ಕಾಡು ಉಳಿಸುತ್ತದೆ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಳ್ಳಾರಿ ಬಿಸಿಲು
ನಡುವೆ ಬಂದೆ ಅಂತ ಬೇಜಾರಾಗಬೇಡಿ, ಉಕ್ಕಿಗೂ ಇದೇ ಕಥೆ. ಆಮದು ಸರಕಿನ ಇಂಗಾಲಕ್ಕೆ ಯುರೋಪ್ ಹಾಕುವ ಕಾರ್ಬನ್ ಗಡಿ ಶುಲ್ಕಕ್ಕೆ 2023ರ ಅಕ್ಟೋಬರ್‌ನಿಂದ ಬರೀ ವರದಿ ಇತ್ತು, 2026ರ ಜನವರಿಯಿಂದ ದುಡ್ಡಿನ ಬಾಧ್ಯತೆಯೇ ಶುರು. ತೋರಣಗಲ್ಲಿನಂಥ ಕಡೆ ಕಲ್ಲಿದ್ದಲಿನ ಊದುಕುಲುಮೆ, ಟನ್ ಉಕ್ಕಿಗೆ 2 ಟನ್‌ಗೂ ಮೇಲೆ ಇಂಗಾಲದ ಡೈಆಕ್ಸೈಡ್. ಅಳತೆ ಮಾಡಿದ ಲೆಕ್ಕ ಕೊಡದಿದ್ದರೆ ಅವರೇ ಒಂದು ಡೀಫಾಲ್ಟ್ ಅಂಕಿ ಹಾಕುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ.

ಆದರೆ ಅದರಲ್ಲಿ ಒಂದು ಒಳ್ಳೆಯ ಕಲಂ ಇದೆ. ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ಕಟ್ಟಿದ್ದರೆ ಅಷ್ಟನ್ನು ಕಳೆಯುತ್ತಾರೆ. ಭಾರತ 2023ರಲ್ಲೇ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಅಧಿಸೂಚಿಸಿತು. ಟನ್ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಇಂಗಾಲ ಇದ್ದರೆ "ಹಸಿರು ಉಕ್ಕು" ಅಂತ 2024ರ ಡಿಸೆಂಬರ್‌ನಲ್ಲಿ ಉಕ್ಕು ಸಚಿವಾಲಯ ಗೆರೆ ಎಳೆಯಿತು. ಆ ದುಡ್ಡು ಯುರೋಪಿನ ಬೊಕ್ಕಸಕ್ಕೆ ಹೋಗುವ ಬದಲು ಇಲ್ಲೇ ಉಳಿದು ಕುಲುಮೆ ಬದಲಿಸಲು ಸಿಗಬೇಕು. ಕಾಫಿ ಕಾನೂನಿನಲ್ಲಿ ಇಂಥ ಕಲಂ ಇಲ್ಲ. ನಮ್ಮ ಮರ ಕಾಯಿದೆಯನ್ನು ಪಾಲಿಸಿದ್ದಕ್ಕೆ ಅಲ್ಲಿ ಏನೂ ಕಳೆಯುವುದಿಲ್ಲ.

ಮೂಡಿಗೆರೆ ಮಳೆ
ಸರಿಯಾಗಿ ಹೇಳಿದಿರಿ. ಅವರದೇ ಇಬ್ಬಂದಿತನ ಬೇರೆ. ಪ್ಯಾರಾಕ್ವಾಟ್ ಕಳೆನಾಶಕ ಯುರೋಪಿನಲ್ಲಿ 2007ರಲ್ಲೇ ನಿಂತಿತು. ಆಮೇಲೂ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ತಯಾರಾಗಿ ಬೇರೆ ದೇಶಗಳಿಗೆ ಹೋಗುತ್ತಿತ್ತು. ತಮ್ಮ ಹೊಲಕ್ಕೆ ಬೇಡದ ವಿಷ ನಮ್ಮ ಕೂಲಿಯವರ ಬೆನ್ನಿನ ಪಂಪಿಗೆ ಆಗಬಹುದಾ? ಕೊಳ್ಳುವಾಗ ಇರುವ ಶರತ್ತು ಮಾರುವಾಗಲೂ ಇರಲಿ.

ಹಸಿರುಸಾಲು
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಎಂಡೋಸಲ್ಫಾನ್ ಕೀಟನಾಶಕ ಮರೆಯಬೇಡಿ. ಕಾಸರಗೋಡಿನಲ್ಲೂ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಕಡೆಯೂ ಸರ್ಕಾರಿ ಗೇರುತೋಪಿಗೆ ಹೆಲಿಕಾಪ್ಟರ್‌ನಿಂದ ಸುರಿದರು, ಹುಟ್ಟಿದ ಮಕ್ಕಳು ಅನುಭವಿಸಿದರು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಲು ಕೂತಾಗ ಭಾರತ ಮೊದಲು ವಿರೋಧಿಸಿತು. ಒಪ್ಪಿದ್ದೂ ಕೆಲವು ಬೆಳೆಗೆ ವಿನಾಯಿತಿ ಕೇಳಿ. ಆ ಪಟ್ಟಿಯಲ್ಲಿ ಕಾಯಿಕೊರಕ, ಕಾಂಡಕೊರಕದ ಹೆಸರಲ್ಲಿ ನಮ್ಮ ಕಾಫಿಯೂ ಇತ್ತು. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ಇಲ್ಲಿ ತಡೆ ಕೊಟ್ಟಿತು. ಹೊರಗಿನ ಒತ್ತಡ, ಒಳಗಿನ ಹೋರಾಟ ಎರಡೂ ಒಟ್ಟಿಗೆ ಬಂದದ್ದಕ್ಕೇ ಆದದ್ದು. ನಮ್ಮ ಸರ್ಕಾರವೇ ತನ್ನ ಜನರ ಪರ ನಿಲ್ಲದಿದ್ದಾಗ ಹೊರಗಿನವರ ಮಾತು ಬೇಕಾಗುತ್ತದೆ.

ಮೂಡಿಗೆರೆ ಮಳೆ
ಅದು ಎಲ್ಲ ದೇಶಗಳೂ ಕೂತು ಮಾಡಿದ ಒಪ್ಪಂದ ಅಕ್ಕ. ಅದಕ್ಕೆ ನನ್ನ ತಕರಾರಿಲ್ಲ. ಒಬ್ಬರೇ ಬರೆದು ಉಳಿದವರಿಗೆ ಕಳಿಸುವುದಕ್ಕೆ ಇದೆ.

ವಾದ-ಪ್ರತಿವಾದ
ಎಲ್ಲರೂ ಮರೆತದ್ದು ಇಯುಡಿಆರ್‌ನ ಇನ್ನೊಂದು ಕಾಲು: ಬೆಳೆದ ದೇಶದ ಕಾನೂನಿಗೆ ಒಪ್ಪಬೇಕು ಅನ್ನುವುದು. ಭೂಮಿಯ ಹಕ್ಕು, ಕಾರ್ಮಿಕರ ಹಕ್ಕು, ತೆರಿಗೆ ಎಲ್ಲವೂ ಇದರಲ್ಲಿ ಬರುತ್ತದೆ. ಅಂದರೆ ನಮ್ಮದೇ ಕಾನೂನನ್ನು ಜಾರಿ ಮಾಡಿಸುವ ಕೆಲಸ ಅದು. ಸಿಕ್ಕು ಇರುವುದು ಅಲ್ಲಿ. ಅಜ್ಜನ ಹೆಸರಲ್ಲೇ ಇರುವ ಪಹಣಿ, ಆಗದ ಪೌತಿ ಖಾತೆ, ಕೊಡಗಿನ ಜಮ್ಮಾ ಬಾಣೆ ಅನ್ನುವ ಮನೆತನದ ಜಮೀನಿನ ಕೂಡು ಹಕ್ಕು, ಒತ್ತುವರಿ. ಒತ್ತುವರಿ ತೋಟವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡಲು ಸರ್ಕಾರ ನಿಯಮ ತಂದಿದೆ. ಗುತ್ತಿಗೆ ಪತ್ರ ಕೈಗೆ ಬರುವವರೆಗೆ ಆ ಕಾಫಿ ಕಾನೂನುಬದ್ಧವೋ ಅಲ್ಲವೋ ಅಂತ ಆಮದುದಾರ ಕೇಳಿದರೆ ಉತ್ತರ ಕೊಡಬೇಕಾದ್ದು ಕಂದಾಯ ಇಲಾಖೆ. ಬೆಳೆಗಾರ ಎಷ್ಟು ನಕ್ಷೆ ಮಾಡಿದರೂ ಇದು ತೀರುವುದಿಲ್ಲ.

ರಫ್ತುಮನೆ
ಖರ್ಚು ಯಾರದು ಅನ್ನುವುದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಅಳತೆ, ಫೈಲು, ಬೇರೆ ಬೇರೆ ಲಾಟ್ ಇಡಲು ಗೋದಾಮಿನ ಜಾಗ, ಐದು ವರ್ಷ ದಾಖಲೆ ಕಾಪಾಡುವುದು. ಕೊಳ್ಳುವವರು ಶರತ್ತು ಹಾಕಲಿ, ಆದರೆ ನಕ್ಷೆ ಇರುವ ಕಾಫಿಗೆ ಚೀಲಕ್ಕೆ ಇಷ್ಟು ಹೆಚ್ಚು ಅಂತ ಒಪ್ಪಂದದಲ್ಲೇ ಬರೆಯಲಿ. ಅದಿಲ್ಲದೆ ಇದು ಪರಿಸರ ನಿಯಮ ಅಲ್ಲ, ಖರ್ಚು ದಾಟಿಸುವ ನಿಯಮ. 2025ರ ಕೊನೆಯ ತಿದ್ದುಪಡಿಯಲ್ಲಿ ಕಡಿಮೆ ಅಪಾಯದ ದೇಶದ ಸಣ್ಣ ಉತ್ಪಾದಕರಿಗೆ ಒಂದೇ ಸಲದ ಸರಳ ಘೋಷಣೆ ಬಂತು. ಅದು ತಮ್ಮ ಸರಕನ್ನು ತಾವೇ ಯುರೋಪ್ ಮಾರುಕಟ್ಟೆಗೆ ಇಡುವವರಿಗೆ. ಲಾಭ ಆಗುವುದು ಅಲ್ಲಿಯ ಮರ ಬೆಳೆಗಾರರಿಗೆ, ನಮ್ಮ ಮೂರು ಎಕರೆಯವರಿಗಲ್ಲ.

ಹ್ಯಾಂಬರ್ಗ್ ಕನ್ನಡಿಗ
ಇದನ್ನು ಒಪ್ಪುತ್ತೇನೆ. ಕಾಫಿ ಮಂಡಳಿಯೂ ಬೆಳೆಗಾರರ ಸಂಘಗಳೂ ಬ್ರಸೆಲ್ಸ್ ಮುಂದೆ ಇಡಬೇಕಾದ ಬೇಡಿಕೆ ಇದು: ಮಂಡಳಿಯ ನೋಂದಣಿಯನ್ನೇ ಪುರಾವೆಯಾಗಿ ಒಪ್ಪಿ, ನೆರಳಿನ ತೋಟವನ್ನು ನಕ್ಷೆಯಲ್ಲಿ ಸರಿಪಡಿಸಿ. ಇಲ್ಲಿಯ ಕಂಪನಿಗಳೂ ಅದನ್ನೇ ಬಯಸುತ್ತವೆ, ಅವರಿಗೂ ಕೆಲಸ ಕಡಿಮೆ.

ಬಾಣೆತೋಟ
ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಶರತ್ತು ಹಾಕುವುದೇ ತಪ್ಪು ಅನ್ನುವುದಕ್ಕಿಂತ, ನಮ್ಮನ್ನು ಕೇಳದೆ, ನಮ್ಮ ತೋಟ ಹೇಗಿದೆ ಅಂತ ನೋಡದೆ ಹಾಕಿದ್ದು ತಪ್ಪು ಅಂತ ಈಗ ಅನ್ನಿಸುತ್ತಿದೆ. ನಕ್ಷೆಗಾರರೇ, ಒಂದು ಪ್ರಶ್ನೆ: ಜಮ್ಮಾ ಬಾಣೆಯಲ್ಲಿ ಪಹಣಿ ಒಂದೇ, ಆದರೆ ಮನೆಯ ನಾಲ್ಕು ಜನ ಬೇರೆ ಬೇರೆ ಭಾಗ ಸಾಗುವಳಿ ಮಾಡುತ್ತಿದ್ದಾರೆ, ಬೇರೆ ಬೇರೆ ಮಾರುತ್ತಾರೆ. ಒಟ್ಟು 14 ಎಕರೆ. ಒಂದೇ ಪಾಲಿಗನ್ನಾ, ನಾಲ್ಕಾ?

ನಕ್ಷೆಗಾರ
ಒಟ್ಟು 4 ಹೆಕ್ಟೇರ್ ದಾಟುತ್ತದೆ, ಹಾಗಾಗಿ ಹೊರಗಡಿಯ ಪಾಲಿಗನ್ ಬೇಕೇ ಬೇಕು. ಬರೀ ನಾಲ್ಕು ಬಿಂದು ಕೊಟ್ಟು ತಪ್ಪಿಸಿಕೊಳ್ಳಲು ನೋಡಿದರೆ ಪಹಣಿ ಜೊತೆ ತಾಳೆಯಾಗುವುದಿಲ್ಲ. ಹೊರಗಡಿ ಒಮ್ಮೆ ಸರಿಯಾಗಿ ಅಳೆದು, ಅದರೊಳಗೆ ನಾಲ್ಕು ಭಾಗ ಮಾಡಿ. ನಡುವಿನ ಗಡಿಗೆ ಇಬ್ಬರೂ ಅದೇ ಬಿಂದುಗಳನ್ನೇ ಬಳಸಿ, ಬೇರೆ ಬೇರೆ ಅಳೆದರೆ ಸಂದು ಬೀಳುತ್ತದೆ ಇಲ್ಲವೇ ಒಂದರ ಮೇಲೊಂದು ಕೂರುತ್ತದೆ. ನಾಲ್ಕು ಫೈಲಿಗೂ ಪಹಣಿಯ ಸರ್ವೆ ನಂಬರ್ ಮುಂದೆ 1, 2, 3, 4 ಅಂತ ಹಾಕಿ, ಚೀಲದ ಲಾಟ್ ನಂಬರಿಗೂ ಅದನ್ನೇ ಬಳಸಿ. ಮನೆಯವರೆಲ್ಲ ಸಹಿ ಮಾಡಿದ ಒಂದು ಒಪ್ಪಿಗೆ ಪತ್ರ, ಯಾರ ಸಾಗುವಳಿ ಯಾವ ಭಾಗ ಅಂತ, ಜೊತೆಗಿರಲಿ. ಕೆರೆ, ಮನೆ, ದೇವರಕಾಡು ಒಳಗೆ ಬಂದರೆ ಆ ಭಾಗ ಕತ್ತರಿಸಿ ಹೊರಗಿಡಿ. ದೇವರಕಾಡು ಸೇರಿದರೆ ನಕ್ಷೆ ಅದನ್ನು ಕಾಡು ಅಂತಲೇ ಓದುತ್ತದೆ, ಓದುವುದು ಸರಿಯೂ ಹೌದು.